ತುರ್ತು ಪಟ್ಟಿಯ ಮೂರನೆಯ ಸಾಲು

ಯಾವ ಕವನ ಸಂಕಲನಕ್ಕೂ ಸಿಗದಷ್ಟು ನಿರ್ವಿವಾದದ ಗೌರವ ಸಿಕ್ಕಿರುವ ಪಠ್ಯವೊಂದು ನಮ್ಮ ನಡುವೆ ಇದೆ: ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ತುರ್ತು ಕಿಟ್ಟಿನ ಪಟ್ಟಿ. ಮಳೆಗಾಲ ಬಂತೆಂದರೆ ಅದು ವಾಟ್ಸಾಪಿನಲ್ಲಿ ಓಡಾಡುತ್ತದೆ. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಸಂಘರ್ಷದ ವೇಳೆ ನಡೆದ ಅಣಕು ಕಾರ್ಯಾಚರಣೆಯ ದಿನಗಳಲ್ಲಿ, ಗಡಿಯ ಸುಳಿವೇ ಇಲ್ಲದ ಮಲೆನಾಡಿನಲ್ಲೂ ಅದನ್ನು ಭಕ್ತಿಯಿಂದ ಹಂಚಿಕೊಂಡರು. ಒಬ್ಬರೂ ಅದನ್ನು ಓದಿದಂತೆ ಕಾಣೆ. 2019ರ ಆಗಸ್ಟಿನಲ್ಲಿ ಉಕ್ಕಿ ಬಂದ ತುಂಗೆ ಏನು ಮಾಡಿತೆಂದು ಶಿವಮೊಗ್ಗದವರಿಗೆ ನಾನು ಹೇಳಬೇಕಾಗಿಲ್ಲ. ಆ ನೀರನ್ನು ಕಂಡವರ ಊರಿನಲ್ಲಿ ಕೂತು ಈ ಪಟ್ಟಿಯನ್ನು ಓದಿದರೆ ಅದರ ಬಡತನ ತಾನೇ ಗೊತ್ತಾಗುತ್ತದೆ.

ಟಾರ್ಚು, ಹೆಚ್ಚುವರಿ ಸೆಲ್ಲು, ಬ್ಯಾಟರಿ ರೇಡಿಯೊ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಣ ಆಹಾರ, ನೀರು, ಮೇಣದಬತ್ತಿ, ಬೆಂಕಿಪೊಟ್ಟಣ, ಚಾಕು, ಕ್ಲೋರಿನ್ ಮಾತ್ರೆ, ಹಗ್ಗ, ಗಟ್ಟಿ ಶೂ. ನಡುವೆ ಎಲ್ಲಿಂದಲೋ ತಗಡಿನ ಡಬ್ಬಿ ತೆರೆಯುವ ಸಾಧನವೊಂದು ಬಂದು ಕೂತಿದೆ. ಶಿವಮೊಗ್ಗದ ಕುಂಬಾರಗುಂಡಿಯ ಯಾವ ಅಡುಗೆಮನೆಯಲ್ಲಿ ಡಬ್ಬಿಯ ಊಟ ಮಾಡುತ್ತಾರೆ? ಅಲ್ಲಿ ಒಣ ಆಹಾರವೆಂದರೆ ಅವಲಕ್ಕಿ, ಮಂಡಕ್ಕಿ, ಬೆಲ್ಲ, ಒಂದಿಷ್ಟು ಚಟ್ನಿಪುಡಿ. ಅದಕ್ಕೆ ಬೆರಳು ಸಾಕು. ಹಳೆಯ ರೂಪದಲ್ಲಿ ಕ್ರೆಡಿಟ್ ಕಾರ್ಡೂ ಇತ್ತು. ಈಚೆಗೆ ಆಧಾರ್, ಪಡಿತರ ಚೀಟಿ ಅದರ ಜಾಗಕ್ಕೆ ಬಂದಿವೆ, ಅಷ್ಟರಮಟ್ಟಿಗೆ ಯಾರೋ ಪುಣ್ಯಾತ್ಮರು ಕಣ್ಣು ಬಿಟ್ಟಿದ್ದಾರೆ. ಪಟ್ಟಿ ಬೇರೆ ಯಾವುದೋ ನಾಡಿನ ಉಗ್ರಾಣಕ್ಕೆ ಬರೆದದ್ದೆನ್ನಲು ಡಬ್ಬಿ ತೆರೆಯುವ ಸಾಧನ, ಕ್ರೆಡಿಟ್ ಕಾರ್ಡು ಈ ಎರಡೇ ಸಾಕ್ಷಿ. ಇವು ಸಣ್ಣ ತಪ್ಪುಗಳು, ಬಿಡೋಣ. ನನ್ನ ತಕರಾರು ಇರುವುದು ಮೂರನೆಯ ಸಾಲಿನ ಬಗ್ಗೆ.

ಬ್ಯಾಟರಿ ರೇಡಿಯೊ. ಇಷ್ಟೇ. ಯಾವ ನಿಲಯ, ಯಾವ ತರಂಗ, ಎಷ್ಟು ಹೊತ್ತಿಗೆ, ಯಾರು ಮಾತಾಡುತ್ತಾರೆ, ಏನು ಹೇಳುತ್ತಾರೆ, ಒಂದೂ ಇಲ್ಲ. ಚಾಕುವಿಗೆ, ಹಗ್ಗಕ್ಕೆ ಈ ವಿವರ ಬೇಕಿಲ್ಲ, ಅವು ಕೈಗೆ ಸಿಕ್ಕಿದ ಕ್ಷಣದಿಂದ ಕೆಲಸಕ್ಕೆ ಬರುತ್ತವೆ. ರೇಡಿಯೊದ ಅರ್ಧ ಮನೆಯಲ್ಲಿದ್ದರೆ ಇನ್ನರ್ಧ ನಿಲಯದಲ್ಲಿರುತ್ತದೆ. ಪಟ್ಟಿ ಮೊದಲ ಅರ್ಧವನ್ನು ಕೊಂಡುಕೊಳ್ಳಿ ಎಂದು ಹೇಳಿ ಕೈತೊಳೆದುಕೊಂಡಿದೆ. ನಮ್ಮ ಭಾಗಕ್ಕೆ ಆ ಇನ್ನರ್ಧದ ಹೆಸರು ಆಕಾಶವಾಣಿ ಭದ್ರಾವತಿ: 1965ರಲ್ಲಿ ಶುರುವಾದ ನಿಲಯ, ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಜ್, ಎಫ್‌ಎಂನಲ್ಲಿ 103.5 ಮೆಗಾಹರ್ಟ್ಜ್. ಈ ಎರಡು ಅಂಕಿಗಳನ್ನು ಸೇರಿಸಲು ಕರಪತ್ರದಲ್ಲಿ ಅರ್ಧ ಸಾಲು ಸಾಕು.

ಎರಡು ತರಂಗಗಳ ಗುಣವೂ ಒಂದೇ ಅಲ್ಲ. ಎಫ್‌ಎಂ ಕಣ್ಣಿಗೆ ಕಾಣುವಷ್ಟು ದೂರದ ವ್ಯವಹಾರ. ಭದ್ರಾವತಿ, ಶಿವಮೊಗ್ಗದ ಬಯಲಿನಲ್ಲಿ ಇಂಪಾಗಿ ಕೇಳುವುದು ತೀರ್ಥಹಳ್ಳಿ ಕಡೆಯ ಗುಡ್ಡದ ಮರೆಗೆ ಹೋದರೆ ಮುಗ್ಗರಿಸುತ್ತದೆ. ಮಧ್ಯಮ ತರಂಗ ನೆಲ ಹಿಡಿದು ಹೋಗುತ್ತದೆ, ಗುಡ್ಡಕ್ಕೆ ಅಷ್ಟಾಗಿ ಅಂಜುವುದಿಲ್ಲ. ಅದಕ್ಕೆ ಬೇಕಾದ ಆಂಟೆನಾ ಸೆಟ್ಟಿನ ಹೊಟ್ಟೆಯಲ್ಲೇ ಇರುತ್ತದೆ, ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಆ ಕಡ್ಡಿಯ ಪಕ್ಕೆ ನಿಲಯದ ಕಡೆಗಿದ್ದರೆ ದನಿ ಗಟ್ಟಿ, ತುದಿ ನಿಲಯದ ಕಡೆಗೆ ತಿರುಗಿದರೆ ಕ್ಷೀಣ. ಹಿಂದಿನವರು ಕಿಟಕಿಯ ಕಟ್ಟೆಯ ಮೇಲೆ ಸೆಟ್ಟನ್ನು ಅಷ್ಟಷ್ಟೇ ತಿರುಗಿಸುತ್ತಿದ್ದುದು ಇದಕ್ಕೇ. ಇಂದು ಮಧ್ಯಮ ತರಂಗ ಕೇಳಲಾಗದು, ಬರೀ ಕರಕರ ಎನ್ನುವವರ ಮನೆಯಲ್ಲಿ ಎಲ್‌ಇಡಿ ಬಲ್ಬು, ಚಾರ್ಜರು ಇರುತ್ತವೆ; ಕರಕರದ ಬಹುಪಾಲು ಹುಟ್ಟುವುದು ಅವುಗಳಿಂದ. ನೆರೆ ಬಂದು ಬೀದಿಯ ಕರೆಂಟು ಹೋದ ಗಳಿಗೆಯಲ್ಲಿ ಆ ಗದ್ದಲವೂ ಹೋಗುತ್ತದೆ. ಉಳಿದೆಲ್ಲ ಸಾಧನಗಳು ಕೈಕೊಡುವ ಹೊತ್ತಿಗೆ ಸುಧಾರಿಸುವ ಸಾಧನ ಇದೊಂದೇ. ಇಂಥ ಗುಣವುಳ್ಳ ಮಧ್ಯಮ ತರಂಗದ ಹಳೆಯ ಪ್ರೇಷಕಗಳನ್ನು ಪ್ರಸಾರ ಭಾರತಿ ದೇಶದ ಹಲವೆಡೆ ಮುಚ್ಚುತ್ತ ಬಂದಿದೆ. ವಿಪತ್ತಿನ ಪಟ್ಟಿ ಬರೆದವರು ಇದರ ಬಗ್ಗೆ ಚಕಾರ ಎತ್ತಿದ್ದನ್ನು ನಾನು ಕೇಳಿಲ್ಲ.

ನಮ್ಮ ಮಾಧ್ಯಮ ವಿಮರ್ಶಕರೂ ಎತ್ತಿಲ್ಲ. ಇವರೊಡನೆ ನನಗೆ ಹಳೆಯ ಜಗಳವಿದೆ. ಆಕಾಶವಾಣಿಯ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ 1935ರ ಮೈಸೂರು, ಅಲ್ಲಿ ನಿಲಯ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ, ಆಮೇಲೆ ನಾಟಕ, ಭಾವಗೀತೆ, ಕೋರಿಕೆಯ ಚಿತ್ರಗೀತೆ. ಕೊನೆಗೆ ಒಂದು ನಿಟ್ಟುಸಿರು. ರೇಡಿಯೊ ಅವರಿಗೆ ತೀರಿಹೋದ ಅಜ್ಜಿ, ಹೊಗಳುವುದಕ್ಕಷ್ಟೇ ಬೇಕು. ಜಲಾಶಯದ ಒಳಹರಿವು, ಹೊರಹರಿವಿನ ಅಂಕಿ ಓದುವ ಎರಡು ನಿಮಿಷ ಅವರ ಪಾಲಿಗೆ ಪ್ರಸಾರವೇ ಅಲ್ಲ. ಹೀಗೆ ರೇಡಿಯೊವನ್ನು ನೆನಪಿನ ಪೆಟ್ಟಿಗೆಗೆ ಸೇರಿಸಿದ ಮೇಲೆ ಅದನ್ನು ಮುಚ್ಚುವವನಿಗೆ ಕೆಲಸ ಎಷ್ಟು ಸುಲಭ! ರೇಡಿಯೊ ಸತ್ತಿತೆಂದು ಸಾರುವವರು ಒಂದೆಡೆ, ಸತ್ತದ್ದಕ್ಕೆ ಚೆಂದವಾಗಿ ಅಳುವವರು ಇನ್ನೊಂದೆಡೆ. ಸೆಲ್ಲು ಹಾಕಿ ಹಚ್ಚಿ ನೋಡಿದವರು ಇಬ್ಬರಲ್ಲೂ ಕಾಣೆ.

ಇನ್ನು ಮೊಬೈಲ್ ಪಕ್ಷದವರು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ನೆನಪಿರಬಹುದು. ಒಳ್ಳೆಯ ವ್ಯವಸ್ಥೆ, ಅದನ್ನು ಅಲ್ಲಗಳೆಯುವುದಿಲ್ಲ: ಟವರಿನ ವ್ಯಾಪ್ತಿಯ ಅಷ್ಟೂ ಫೋನುಗಳಿಗೆ ಒಂದೇ ಬಾರಿಗೆ ತಲುಪುತ್ತದೆ, ನೆಟ್‌ವರ್ಕ್ ತುಂಬಿ ತುಳುಕಿದರೂ. ಟವರಿಗೆ ಕರೆಂಟು ಹೋಗಿ, ಬ್ಯಾಕಪ್ ತೀರಿ, ಡೀಸೆಲ್ ತರುವ ದಾರಿ ನೀರಿನಲ್ಲಿದ್ದರೆ ಮಾತ್ರ ಅದೂ ಮೌನ. ಫೋನಿನಲ್ಲೇ ಎಫ್‌ಎಂ ಇರಲಿ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಅದೇ ವರ್ಷದ ಏಪ್ರಿಲಿನಲ್ಲಿ ತಯಾರಕರಿಗೆ ಸೂಚಿಸಿದ್ದರ ಹಿಂದಿನ ಕಾರಣಗಳಲ್ಲಿ ವಿಪತ್ತೂ ಒಂದು.

ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೊ ಮಿತ್ರರ ವಿಷಯ ಬೇರೆ. 2004ರ ಸುನಾಮಿಯ ಹೊತ್ತಿಗೆ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅಲ್ಲಿಂದ ಸುದ್ದಿ ದಾಟಿಸಿದ್ದನ್ನು ಯಾರೂ ಮರೆಯಬಾರದು. ಆದರೆ ಹ್ಯಾಮ್ ಕಚೇರಿಗೆ ಕಚೇರಿಯನ್ನು ಬೆಸೆಯುವ ಕಲೆ. ಪರೀಕ್ಷೆ, ಪರವಾನಗಿ, ಅಭ್ಯಾಸ ಬೇಡುತ್ತದೆ. ಆನ್‌ಲೈನಿನಲ್ಲಿ ಸಿಕ್ಕ ವಾಕಿಟಾಕಿ ತಂದು ಅಟ್ಟದ ಮೇಲಿಡುವ ಈಗಿನ ಚಾಳಿಗೆ ಹ್ಯಾಮ್ ಎಂಬ ಹೆಸರು ಸಲ್ಲದು. ಪರವಾನಗಿಯಿಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಜ್‌ನಂಥ ಕಡಿಮೆ ಶಕ್ತಿಯ ಕಿರುಪಟ್ಟಿಗಳು ಮಾತ್ರ. ಉಳಿದದ್ದು ಕಾನೂನಿನ ಕಣ್ಣಿಗೆ ಅಪರಾಧ. ಮನೆಯವರು ಮುಳುಗುವ ಮುಂಚೆ ಮಾಡಬೇಕಾದ ಕೆಲಸ ಕೇಳುವುದು. ಮಾತಾಡುವ ಆಸೆ ಆಮೇಲಿನದು.

ಕೇಳಿದರೆ ಏನು ಕೇಳಬೇಕು? ಇಲ್ಲಿ ನಿಲಯದವರನ್ನೂ ಜಿಲ್ಲಾಡಳಿತವನ್ನೂ ಬಿಡುವಂತಿಲ್ಲ. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ ಬರೀ 3.24 ಟಿಎಂಸಿ; ಮುಂಗಾರಿನ ಮೊದಲಲ್ಲೇ ತುಂಬಿ, ಆಮೇಲೆ ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಗಳ ಮಳೆಯನ್ನು ಬಂದಂತೆ ಶಿವಮೊಗ್ಗಕ್ಕೆ ದಾಟಿಸುತ್ತದೆ. ಲಕ್ಕವಳ್ಳಿಯ ಭದ್ರಾ 71.5 ಟಿಎಂಸಿಯ ದೈತ್ಯ. 186 ಅಡಿ ಸಮೀಪಿಸುವವರೆಗೆ ಹಿಡಿದಿಟ್ಟು, ಗೇಟು ಎತ್ತಿದ ದಿನ ಭದ್ರಾವತಿಯ ಹೊಸಸೇತುವೆಯನ್ನು ಮುಳುಗಿಸಿ ಕವಲಗುಂದಿಯ ಬಾಗಿಲಿಗೆ ಬರುತ್ತದೆ. ಒಂದು ಊರಿನ ಎಚ್ಚರಿಕೆ ಮೇಲಿನ ಮಳೆಯಲ್ಲಿದೆ, ಇನ್ನೊಂದು ಊರಿನದು ಎಂಜಿನಿಯರರ ತೀರ್ಮಾನದಲ್ಲಿ. ಪ್ರಕಟಣೆಯಲ್ಲಿ ಮಾತ್ರ ಎರಡಕ್ಕೂ ಒಂದೇ ವಾಕ್ಯ: ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳುವುದು. ಕ್ಯೂಸೆಕ್ ಲೆಕ್ಕ ಶಿವಮೊಗ್ಗ ನಗರದ ಸೀಗೆಹಟ್ಟಿಯ ಮನೆಯಾಕೆಗೆ ಏನು ಹೇಳುತ್ತದೆ? ಶಿವಮೊಗ್ಗದವರ ಅಳತೆಗೋಲು ಹೊಳೆಯ ನಡುವಿನ ಕೋರ್ಪಲಯ್ಯನ ಮಂಟಪ. ಮಂಟಪ ಅರ್ಧ ಮುಳುಗಿದೆ ಎಂದರೆ ಊರಿಗೆ ಊರೇ ಅರ್ಥಮಾಡಿಕೊಳ್ಳುತ್ತದೆ. ಇಷ್ಟು ಕ್ಯೂಸೆಕ್ ಬಿಟ್ಟರೆ ಮಂಟಪದ ಎಲ್ಲಿಗೆ, ಹೊಸಸೇತುವೆಯ ಎಲ್ಲಿಗೆ, ಎಷ್ಟು ಗಂಟೆಯಲ್ಲಿ ಎಂದು ಹೇಳದ ಪ್ರಕಟಣೆಯನ್ನು ನಾನು ಎಚ್ಚರಿಕೆ ಎಂದು ಒಪ್ಪುವುದಿಲ್ಲ.

ಹೊತ್ತಿನದೂ ಒಂದು ಪ್ರಶ್ನೆ. 2021ರ ಜನವರಿ 21ರ ರಾತ್ರಿ ಹತ್ತೂವರೆಯ ಆಸುಪಾಸಿನಲ್ಲಿ ಶಿವಮೊಗ್ಗದ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿಯಲ್ಲಿ ಸ್ಫೋಟವಾದಾಗ ಶಿವಮೊಗ್ಗ, ಭದ್ರಾವತಿಯ ಜನ ಭೂಕಂಪವೆಂದು ಬೀದಿಗೆ ಬಂದು ನಿಂತರು. ಅವರ ಕೈಯಲ್ಲಿದ್ದದ್ದು ವಾಟ್ಸಾಪಿನ ವದಂತಿಗಳು. ಆಕಾಶವಾಣಿಯ ದಿನಕ್ಕೆ ಮೂರು ಪ್ರಸಾರಗಳ ಹಳೆಯ ಪದ್ಧತಿಯಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ಮಂಗಳ ಹಾಡಲಾಗುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಇಪ್ಪತ್ತನಾಲ್ಕು ಗಂಟೆ ಎಂದಾದರೆ, ಮಳೆಗಾಲದ ನಾಲ್ಕು ತಿಂಗಳಾದರೂ ಆ ಕೊಠಡಿಯ ಮಾತು ರಾತ್ರಿಯಿಡೀ 675ಕ್ಕೂ 103.5ಕ್ಕೂ ಬರಬೇಕು. ಅದು ಬಾರದಿದ್ದರೆ ಮೂರನೆಯ ಸಾಲನ್ನು ಪಟ್ಟಿಯಿಂದ ತೆಗೆಯುವುದೇ ಪ್ರಾಮಾಣಿಕತನ.

ಓದುಗರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಅಟ್ಟದ ಸೆಟ್ಟನ್ನು ಕೆಳಗಿಳಿಸಿ, ಮೇನ್ ಸ್ವಿಚ್ ಆರಿಸಿ, ಸೆಲ್ಲು ಹಾಕಿ ಎರಡೂ ತರಂಗ ಹಿಡಿದು ನೋಡಿ. ಸಿಕ್ಕಿದ ಅಂಕಿಯನ್ನು ಸೆಟ್ಟಿನ ಬೆನ್ನಿಗೆ ಬರೆದು ಅಂಟಿಸಿ. ಸೆಲ್ಲನ್ನು ಮಾತ್ರ ಒಳಗೆ ಬಿಡಬೇಡಿ, ಸೋರಿ ಸೆಟ್ಟನ್ನೇ ತಿಂದುಹಾಕುತ್ತದೆ. ತರಂಗ ಸಿಗದೇ ಹೋದರೆ ನಿಲಯಕ್ಕೆ ಒಂದು ಕಾಗದ ಬರೆಯಿರಿ.