ಮುಚ್ಚಿಟ್ಟ ಪದರ

ಹುಣಸೂರು ತಾಲ್ಲೂಕಿನ ಗುರುಪುರದ ನಿಸರ್ಗಚಿತ್ರವೊಂದನ್ನು ಈಚೆಗೆ ನೋಡಿದೆ. ಬರೆದಾತ ನನ್ನ ಹಳೆಯ ವಿದ್ಯಾರ್ಥಿ. ಕಾಗದವಿಲ್ಲ, ಕುಂಚವಿಲ್ಲ, ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಪೆನ್ನಾಡಿಸಿ ಬರೆದದ್ದು. ಮುಂದೆ ಮುಸುಕಿನ ಜೋಳದ ಹೊಲ, ನಡುವೆ ಪ್ರಾರ್ಥನಾ ಪತಾಕೆಗಳ ಸಾಲು, ಹಿಂದೆ ಟಿಬೆಟನ್ ವಿಹಾರದ ಹೊಂಬಣ್ಣದ ಮಾಡು, ಅದರಾಚೆ ಮಳೆ ಹೊತ್ತ ಮೋಡ. ವರ್ಣಸಂಯೋಜನೆಯಲ್ಲಿ ಕೊರತೆ ಹೇಳುವಂತಿಲ್ಲ. ಆದರೂ ಏನೋ ಸಾಲದೆನ್ನಿಸಿತು.

ಸಾಲದ್ದು ಯಾವುದೆಂಬುದು ಚಿತ್ರ ಹುಟ್ಟಿದ ಬಗೆಯನ್ನು ಕಂಡಾಗ ತಿಳಿಯಿತು. ಈ ಯಂತ್ರಕ್ಕೊಂದು ವಿಚಿತ್ರ ಗುಣವುಂಟು. ಎಳೆದ ಗೆರೆ, ಅಳಿಸಿದ ಗೆರೆ ಎರಡನ್ನೂ ನೆನಪಿಟ್ಟುಕೊಂಡು, ದಿನಗಟ್ಟಲೆಯ ಕೆಲಸವನ್ನು ನಿಮಿಷದೊಳಗೆ ಓಡಿಸಿ ತೋರಿಸುತ್ತದೆ. ಹಳಗನ್ನಡ ಪಾಠ ಹೇಳುವ ನನಗೆ ಪಾಠಾಂತರಗಳನ್ನು ಓದಿದಂತಾಯಿತು. ಓಲೆಗರಿಯಲ್ಲಿ ಲಿಪಿಕಾರ ಬಿಟ್ಟ ಸಾಲನ್ನು ಬೇರೆ ಪ್ರತಿಯಲ್ಲಿ ಹುಡುಕಬೇಕು. ಇಲ್ಲಿ ಒಂದೇ ಪ್ರತಿಯಲ್ಲಿ ಎಲ್ಲ ಪಾಠಗಳೂ ಇವೆ. ಹಾಗೆ ಓಡಿಸಿದಾಗ ಎಡಬದಿಗೆ, ಹೊಲದಂಚಿನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನೊಂದು ಮೂಡಿತು: ಇಟ್ಟಿಗೆ ಗೋಡೆ, ಸೌದೆಯ ರಾಶಿ, ಮೇಲೆ ತೆಳು ಹೊಗೆ. ಮೂರು ಸಲ ಬಣ್ಣ ಬದಲಾಯಿಸಿತು. ಕೊನೆಗೆ ಆ ಪದರವೇ ಮಾಯವಾಗಿ ಅಲ್ಲಿ ಹುಲ್ಲು ಬೆಳೆಯಿತು.

"ಯಾಕಪ್ಪ ತೆಗೆದೆ?" ಎಂದೆ.

"ವಿಹಾರದ ಶಾಂತಿ ಕೆಡಿಸ್ತಿತ್ತು, ಸಾರ್."

ಹುಣಸೂರು, ಪಿರಿಯಾಪಟ್ಟಣದ ಸೀಮೆ ಬಲ್ಲವರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಿಲ್ಲ. ಮಳೆಗಾಲದಲ್ಲಿ ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಒಲೆಯ ಶಾಖ ಕೊಳವೆಗಳಲ್ಲಿ ಹರಿದು ಹಸಿರೆಲೆ ಹಳದಿಯಾಗುತ್ತದೆ. ಬೆಂಕಿಯ ಹದ ತಪ್ಪಿದರೆ ವರ್ಷದ ದುಡಿಮೆ ಹೋಯಿತು. ಆದ್ದರಿಂದ ರಾತ್ರಿಯೂ ಕಾಯಬೇಕು. ಗುರುಪುರದ ರಬ್‌ಗ್ಯೇಲಿಂಗ್ ಟಿಬೆಟನ್ ವಸತಿ 1972ರಷ್ಟು ಹಳೆಯದು. ಅರ್ಧ ಶತಮಾನ ಮೀರಿದ ಈ ನೆರೆಹೊರೆಯಲ್ಲಿ ಒಂದು ಬದಿಯನ್ನು ಒರಸಿಬಿಟ್ಟರೆ ಉಳಿಯುವ ವಿಹಾರ ಆಕಾಶದಿಂದ ಉದುರಿದಂತೆ ತೋರುತ್ತದೆ. ಟಿಬೆಟನ್ನರು ಉತ್ತು ಬಿತ್ತಿದ ಗುರುಪುರ ಅದಲ್ಲ.

ಜೊತೆಗಿದ್ದ ಗೆಳೆಯರೊಬ್ಬರು ವಾದ ಹೂಡಿದರು: ಅಲ್ಲಿನ ಗ್ಯುದ್‌ಮೆದ್ ವಿಹಾರದ ಭಿಕ್ಷುಗಳೂ ಬಣ್ಣದ ಮರಳಿನಲ್ಲಿ ಮಂಡಲ ರಚಿಸಿ ತಾವೇ ಅಳಿಸುವುದಿಲ್ಲವೆ? ಹೋಲಿಕೆ ಸೊಗಸಾಗಿದೆ, ಸಲ್ಲದು. ಮಂಡಲವನ್ನು ಪೂರ್ಣಗೊಳಿಸಿ, ಜನ ನೋಡಿದ ಮೇಲೆ ಅಳಿಸಿ ಮರಳನ್ನು ನೀರಿಗೆ ಬಿಡುತ್ತಾರೆ. ಬ್ಯಾರನ್ನನ್ನು ಯಾರೂ ನೋಡುವ ಮೊದಲೇ ತೆಗೆಯಲಾಯಿತು.

ಯಂತ್ರವನ್ನು ದೂರುವವನು ನಾನಲ್ಲ. ಇಂಗ್ಲೆಂಡಿನ ಡೇವಿಡ್ ಹಾಕ್ನಿ 2011ರಲ್ಲಿ ಯಾರ್ಕ್‌ಷೈರಿನ ವೋಲ್ಡ್‌ಗೇಟ್ ರಸ್ತೆಯ ವಸಂತಾಗಮನವನ್ನು ಐಪ್ಯಾಡಿನಲ್ಲಿಯೇ 51 ಚಿತ್ರಗಳಾಗಿ ಬರೆದರು. ಮತ್ತೆ ಮತ್ತೆ ಅದೇ ರಸ್ತೆಗೆ ಹೋದರು. ನಮ್ಮ ಕೆ. ವೆಂಕಟಪ್ಪನವರು (1886–1965) ಊಟಿಯ ನೋಟಗಳನ್ನು ಬರೆದದ್ದು ಜಲವರ್ಣದಲ್ಲಿ. ಅಲ್ಲಿ ಕಾಗದದ ಬಿಳುಪೇ ಬೆಳಕು. ಒಮ್ಮೆ ಬಣ್ಣ ಕುಡಿಸಿದರೆ ಆ ಬಿಳುಪು ಹಿಂದಿರುಗುವುದು ಕಷ್ಟ. ಏನಿರಬೇಕೆಂಬ ತೀರ್ಮಾನವನ್ನು ನೋಟದೆದುರು ನಿಂತೇ ಮಾಡಬೇಕು. ಈ ಗಾಜು ತೀರ್ಮಾನವನ್ನು ಕೊನೆಯವರೆಗೂ ಮುಂದೂಡಗೊಡುತ್ತದೆ. ನನ್ನ ಶಿಷ್ಯ ಬ್ಯಾರನ್ ಬರೆದದ್ದು ಹೊಲದ ಬದುವಿನ ಮೇಲೆ ಕುಳಿತು. ತೆಗೆದದ್ದು ಬೆಂಗಳೂರಿನ ಕೋಣೆಯಲ್ಲಿ. ಹೊಗೆಯ ವಾಸನೆ ಅಲ್ಲಿಗೆ ಮುಟ್ಟುವುದಿಲ್ಲ.

ಆ ಪದರ ಪೂರಾ ನಾಶವಾಗಿಲ್ಲವಂತೆ, ಮುಚ್ಚಿಟ್ಟಿದ್ದಾನಂತೆ. ಅಚ್ಚಿಗೆ ಕಳಿಸುವ ಮುನ್ನ ಅದನ್ನೊಮ್ಮೆ ತೆರೆದು ನೋಡೆಂದು ಹೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.