ಸೈರನ್ನು ಉಳಿಯಿತು, ಹಾಜರಿ ಹೋಯಿತು

ನಮ್ಮ ದಾಸರಹಳ್ಳಿಯಲ್ಲಿ ಹಿಂದಿ ಬಾರದ ಮನೆಗಳಲ್ಲೂ 'ಸಿ.ಐ.ಡಿ.' ನೋಡುತ್ತಿದ್ದರು. ನಮ್ಮದೂ ಅಂಥದ್ದೇ ಮನೆ. ಅಪ್ಪ ಪೀಣ್ಯದಲ್ಲಿ ಟರ್ನರ್, ಊರು ತುಮಕೂರು ಕಡೆ. ಅವನಿಗೆ ಗೊತ್ತಿದ್ದ ಹಿಂದಿ ಅಂದ್ರೆ ಲೇತ್ ಪಕ್ಕದಲ್ಲಿ ನಿಲ್ಲುತ್ತಿದ್ದ ಬಿಹಾರದ ಹುಡುಗರಿಂದ ಕಲಿತ ಹತ್ತು ಹದಿನೈದು ಮಾತು, ಅದರಲ್ಲಿ ಅರ್ಧ ಬೈಗುಳ. ಆದ್ರೂ ಟಿವಿಯಲ್ಲಿ ಆ ಟೈಟಲ್ ಮ್ಯೂಸಿಕ್ ಶುರುವಾಯಿತೆಂದರೆ ಸಾಕು, ಬಚ್ಚಲಲ್ಲಿ ಕೈಯ ಗ್ರೀಸ್ ತಿಕ್ಕುತ್ತಿದ್ದವನು ಅರ್ಧಂಬರ್ಧ ಒರೆಸಿಕೊಂಡು ಓಡಿ ಬರುತ್ತಿದ್ದ. ಪಕ್ಕದ ಮನೆಯ ಬಾಗಿಲೂ ತೆರೆಯುತ್ತಿತ್ತು. ಅವರ ಮನೆಯಲ್ಲಿ ಟಿವಿ ಇರಲಿಲ್ಲ.

ಅಪ್ಪ ಅದನ್ನ 'ಸೈರನ್ನು' ಅಂತಲೇ ಕರೆಯುತ್ತಿದ್ದ. "ಸೈರನ್ ಆಯ್ತು, ಬರ್ರೋ." ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಒಂದು ಸೈರನ್ನು, ಮನೆಯಲ್ಲಿ ರಾತ್ರಿ ಇನ್ನೊಂದು. ಆಮೇಲೆ ಪರದೆ ಮೇಲೆ ಒಂದೊಂದೇ ಮುಖ ಬರುವಾಗ ಮೇಸ್ತ್ರಿಯ ಥರ ಲೆಕ್ಕ ಹಾಕುತ್ತಿದ್ದ. "ಪ್ರದ್ಯುಮನ್ ಬಂದವ್ನೆ, ದಯಾ ಬಂದವ್ನೆ, ಎಲ್ಲಾ ಡ್ಯೂಟಿಗೆ ಬಂದವ್ರೆ ಕಣ್ಲಾ, ಇನ್ನು ಕೊಲೆ ಆಗ್ಲಿ."

ಆಗ ನಗು ಬರುತ್ತಿತ್ತು. ಈಗ ಯೋಚನೆ ಮಾಡಿದರೆ ಪತ್ತೇದಾರಿ ಧಾರಾವಾಹಿಯ ಟೈಟಲ್ ಬಗ್ಗೆ ಅದಕ್ಕಿಂತ ಸರಿಯಾದ ವಿಮರ್ಶೆ ನಾನು ಓದಿಲ್ಲ. ಟೈಟಲ್ ಮಾಡುವುದು ಎರಡೇ ಕೆಲಸ. ಒಂದು, ಸೈರನ್ ಊದಿ ಜನರನ್ನು ಕರೆಯುವುದು. ಎರಡು, ಹಾಜರಿ ಕೂಗುವುದು. ಇಷ್ಟು ವರ್ಷಗಳಲ್ಲಿ ಈ ಎರಡರಲ್ಲಿ ಯಾವುದು ಉಳಿಯಿತು, ಯಾವುದು ಸವೆಯಿತು ಅನ್ನುವುದೇ ಈ ಬರಹದ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ದೂರದರ್ಶನದ ಕಾಲದಲ್ಲಿ ಹಾಜರಿ ಧಾರಾಳವಾಗಿತ್ತು. 'ಕರಮ್‌ಚಂದ್' 1985ರದ್ದು, 'ಬ್ಯೋಮಕೇಶ್ ಬಕ್ಷಿ' 1993ರದ್ದು. ಪತ್ತೇದಾರಿ ಅಲ್ಲದಿದ್ದರೂ ನಮ್ಮ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪಿಸಿಕೊಳ್ಳಿ. ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಎಲ್. ವೈದ್ಯನಾಥನ್ ಅವರ ರಾಗ, ಅದರ ನಡುವೆ ನಿಧಾನವಾಗಿ ಬಂದು ಹೋಗುವ ಹೆಸರುಗಳು. ಯಾರಿಗೂ ಅವಸರ ಇರಲಿಲ್ಲ. ಇನ್ನೊಂದು ಚಾನೆಲ್ಲಿಗೆ ಓಡಿಹೋಗೋಣ ಅಂದರೆ ಇನ್ನೊಂದು ಚಾನೆಲ್ಲಾದರೂ ಎಲ್ಲಿತ್ತು?

'ಸಿ.ಐ.ಡಿ.' ಹುಟ್ಟಿದ್ದು ಆ ನಿಧಾನ ಮುಗಿದ ಮೇಲೆ. 1998ರ ಜನವರಿ 21ಕ್ಕೆ ಸೋನಿಯಲ್ಲಿ ಶುರು. ಬಿ.ಪಿ. ಸಿಂಗ್ ಕೂಸು. ಕೇಬಲ್ ಬಂದಿತ್ತು, ರಿಮೋಟ್ ಬಂದಿತ್ತು, ನೋಡುಗನ ಹೆಬ್ಬೆರಳು ಯಾವಾಗಲೂ ಗುಂಡಿಯ ಮೇಲೇ. ಹಾಗಾಗಿ ಈ ಟೈಟಲ್ಲು ಕೂತು ಕೇಳುವಂಥದ್ದಾಗಿರಲಿಲ್ಲ, ಎದ್ದು ಬರುವಂತೆ ಮಾಡುವಂಥದ್ದಾಗಿತ್ತು. ಮುಖ್ಯ ಸಂಗತಿ ಏನೆಂದರೆ ಅದರಲ್ಲಿ ಮಾತಿಲ್ಲ, ಹಾಡಿಲ್ಲ. ಮುಂಬೈಯ ಕಥೆಯೊಂದು ಟಿ. ದಾಸರಹಳ್ಳಿಯ ವಠಾರದೊಳಗೆ ನುಗ್ಗಿದ್ದು ಆ ಕಾರಣಕ್ಕೇ. ಒಳಗಿನ ಸಂಭಾಷಣೆಗೆ ಭಾಷೆ ಬೇಕು, ಬಾಗಿಲು ತಟ್ಟುವುದಕ್ಕೆ ಬೇಕಿಲ್ಲ. ಬಾಗಿಲು ಒಡೆಯುವುದಕ್ಕಂತೂ ದಯಾ ಇದ್ದನಲ್ಲ! ಆ ಪಾತ್ರ ಮಾಡಿದ ದಯಾನಂದ ಶೆಟ್ಟಿ ನಮ್ಮ ಉಡುಪಿ ಕಡೆಯ ಕಟಪಾಡಿಯವರು ಅಂತ ಗೊತ್ತಾದ ದಿನ ಅಪ್ಪ ಅವರನ್ನ ಇನ್ನಷ್ಟು ಸ್ವಂತ ಮಾಡಿಕೊಂಡ.

ಅದೇ 1998ರಲ್ಲಿ ಕನ್ನಡದಲ್ಲಿ ಟಿ.ಎನ್. ಸೀತಾರಾಂ ಮತ್ತು ಗೆಳೆಯರ 'ಮಾಯಾಮೃಗ' ಬಂತು. ಆಮೇಲೆ 'ಮನ್ವಂತರ', 'ಮುಕ್ತ'. ಅಲ್ಲೂ ಕೇಸುಗಳಿದ್ದವು, ಕೋರ್ಟು ಇತ್ತು, ಪಾಟೀಸವಾಲು ಕೇಳಲು ಜನ ಊಟ ಬಿಟ್ಟು ಕೂರುತ್ತಿದ್ದರು. ಆದರೆ ಅವುಗಳ ಟೈಟಲ್ಲು ಸೈರನ್ನಲ್ಲ, ಭಾವಗೀತೆ. ಸೀತಾರಾಂ ಧಾರಾವಾಹಿಯ ಹಾಡು ಮೊದಲೇ ನಿಮ್ಮನ್ನು ಒಂದು ಮನಸ್ಥಿತಿಗೆ ಇಳಿಸಿ, ಆಮೇಲೆ ಕಥೆ ಹೇಳುತ್ತಿತ್ತು. ತಪ್ಪು ಯಾರು ಮಾಡಿದರು ಅನ್ನುವುದಕ್ಕಿಂತ ಯಾಕೆ ಮಾಡಿದರು ಅನ್ನುವುದು ದೊಡ್ಡದು ಅಂತ ಆ ರಾಗವೇ ಹೇಳುತ್ತಿತ್ತು. 'ಸಿ.ಐ.ಡಿ.'ಗೆ ಅಷ್ಟು ತಾಳ್ಮೆ ಇಲ್ಲ. ಹೆಣ ಬಿದ್ದಿದೆ, ಬನ್ನಿ, ಅಷ್ಟೆ. ಅಮ್ಮನಿಗೆ ಆ ಹಾಡು, ಅಪ್ಪನಿಗೆ ಈ ಸೈರನ್ನು. ನನಗೆ ಎರಡೂ ಬೇಕಿತ್ತು.

ಸರಿ, 'ಸಿ.ಐ.ಡಿ.'ಯ ಹಾಜರಿಗೆ ಬರೋಣ. ಇಪ್ಪತ್ತು ವರ್ಷ ನಡೆದ ಧಾರಾವಾಹಿಯಲ್ಲಿ ಮುಖಗಳು ಬದಲಾಗದೆ ಇರುತ್ತವಾ? ಶುರುವಿನಲ್ಲಿ ಇನ್ಸ್‌ಪೆಕ್ಟರ್ ವೀರೇಂದ್ರನಾಗಿ ಅಶುತೋಷ್ ಗೋವಾರಿಕರ್ ಇದ್ದರು. ಅವರು ಬಿಟ್ಟು ಹೋಗಿ 2001ರಲ್ಲಿ 'ಲಗಾನ್' ತೆಗೆದರು. ಆದಿತ್ಯ ಶ್ರೀವಾಸ್ತವ ಅಭಿಜೀತ್ ಆಗಿ ಸೇರಿದರು. ಆಮೇಲೆ ಎಷ್ಟು ಜನ ಇನ್ಸ್‌ಪೆಕ್ಟರುಗಳು, ಎಷ್ಟು ಜನ ಲ್ಯಾಬಿನವರು ಬಂದರೋ ಹೋದರೋ. ಮಧ್ಯದಲ್ಲಿ ಶಿವಾಜಿ ಸಾಟಮ್ ಒಬ್ಬರೇ ಮನೆ ಯಜಮಾನನ ಹಾಗೆ ನಿಂತಿದ್ದರು. ಟೈಟಲ್ಲಿನ ಚಿತ್ರಗಳು ಹಳತಾದವು, ಹೊಸ ಕಾಲದ ಹೊಳಪು ಬಂತು, ಅಕ್ಷರದ ರೂಪ ಬದಲಾಯಿತು. ರಾಗ ಮಾತ್ರ ಕೇಳಿದ ತಕ್ಷಣ ಗುರುತು ಸಿಗುವ ಹಾಗೇ ಉಳಿಯಿತು.

ಇಲ್ಲೇ ನನಗೆ ತಕರಾರು. ರಾಗ ಉಳಿಸಿದರು, ಯಾಕೆಂದರೆ ಅದು ಮಾರಾಟವಾಗುತ್ತದೆ. ಹೆಸರುಗಳನ್ನ ಅಷ್ಟು ಜತನದಿಂದ ಉಳಿಸಲಿಲ್ಲ. ಈ ಮಾತು 'ಸಿ.ಐ.ಡಿ.' ಒಂದಕ್ಕೇ ಅಲ್ಲ, ನಮ್ಮ ಟಿವಿಗೆಲ್ಲ ಅನ್ವಯಿಸುತ್ತದೆ. ಒಂದೊಂದು ಸೆಕೆಂಡೂ ಜಾಹೀರಾತಿಗೆ ಮಾರುವ ಸರಕಾದ ಮೇಲೆ ನಾಯಕನಟರ ಮುಖ ಮುಂದೆ ಉಳಿಯಿತು, ಲೈಟು ಹಿಡಿದವನು, ಮೇಕಪ್ ಮಾಡಿದವನು, ಟ್ರಾಲಿ ತಳ್ಳಿದವನು ಕೊನೆಗೆ ಹೋದರು. ಆ ಕೊನೆಯೂ ಈಗ ಪರದೆಯ ಮೂಲೆಗೆ ಕುಗ್ಗಿ ಇರುವೆ ಸಾಲಿನ ಹಾಗೆ ಓಡುತ್ತದೆ. ಪಕ್ಕದಲ್ಲಿ ನಾಳೆಯ ಪ್ರೋಮೋ. 2004ರಲ್ಲಿ ಇದೇ 'ಸಿ.ಐ.ಡಿ.' ತಂಡ 111 ನಿಮಿಷದ ಒಂದು ಕಂತನ್ನ ಎಲ್ಲೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದು ದಾಖಲೆ ಮಾಡಿತು. ಯೋಚನೆ ಮಾಡಿ, ನೂರನೇ ನಿಮಿಷದಲ್ಲಿ ವೈರು ಎಳೆಯುವ ಹುಡುಗನೊಬ್ಬ ಎಡವಿದ್ದರೂ ಇಡೀ ಕೆಲಸ ಮೊದಲಿಂದ. ಅವನು ಎಡವಲಿಲ್ಲ. ದಾಖಲೆಯ ಸುದ್ದಿ ಗೊತ್ತಿರುವ ನಮಗೆ ಅವನ ಹೆಸರು ಗೊತ್ತಾ?

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ 'ಹವಾಯಿ ಫೈವ್-ಓ' 1968ರಲ್ಲಿ ಬಂದಾಗ ಅದರ ಟೈಟಲ್ ಸುಮಾರು ಒಂದು ನಿಮಿಷ. ಮಾರ್ಟನ್ ಸ್ಟೀವನ್ಸ್ ಮಾಡಿದ ಆ ರಾಗ ಜಗತ್ತಿಗೇ ಗೊತ್ತು. 2010ರಲ್ಲಿ ಅದೇ ಧಾರಾವಾಹಿಯನ್ನ ಹೊಸದಾಗಿ ಮಾಡಿದಾಗ ರಾಗ ಅದೇ, ಹೊತ್ತು ಮಾತ್ರ ಅರ್ಧ. 2017ರಲ್ಲಿ ನೆಟ್‌ಫ್ಲಿಕ್ಸ್ 'ಸ್ಕಿಪ್ ಇಂಟ್ರೋ' ಗುಂಡಿ ತಂದಿತು. ಅಲ್ಲಿಗೆ ಕತ್ತರಿ ಚಾನೆಲ್ ಕೈಯಿಂದ ನಮ್ಮ ಕೈಗೆ ಬಂತು.

ಗುಂಡಿಯನ್ನ ಪೂರ್ತಿ ಬೈಯಲು ನನಗೂ ಮನಸ್ಸಿಲ್ಲ. ಒಂದೇ ರಾತ್ರಿ ಐದು ಕಂತು ನೋಡುವವನಿಗೆ ಐದು ಸಲ ಅದೇ ಟೈಟಲ್ ಹಿಂಸೆಯೇ. ಕಥೆ ನಮಗಾಗಿ ಕಾಯುತ್ತಾ ಮೊಬೈಲಿನೊಳಗೆ ಕೂತಿರುವಾಗ ಸೈರನ್ ಊದುವ ಅಗತ್ಯವೂ ಇಲ್ಲ. ಆದರೆ ಆ ಗುಂಡಿಗೆ ಸೈರನ್ನು ಯಾವುದು, ಹಾಜರಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ದಾಟಿಸಿಬಿಡುತ್ತದೆ.

ಹಾಜರಿ ವಿಷಯದಲ್ಲಿ ಅಪ್ಪ ಯಾಕೆ ಅಷ್ಟು ಕಟ್ಟುನಿಟ್ಟು ಅಂತ ನನಗೆ ತಡವಾಗಿ ಅರ್ಥವಾಯಿತು. ಅವನು ಹನ್ನೊಂದು ವರ್ಷ ಒಂದು ಕಡೆ ಕಂಟ್ರಾಕ್ಟ್ ಮೇಲೆ ದುಡಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ, ಕಂಟ್ರಾಕ್ಟರ್ ಹೆಸರಿನ ಕೆಳಗೆ 'ಆರು ಜನ' ಅಂತ ಇರುತ್ತಿತ್ತು. ಬಿಟ್ಟು ಬರುವ ದಿನ ಸರ್ವಿಸ್ ಲೆಕ್ಕ ಕೇಳಿದರೆ "ನೀನು ಇಲ್ಲಿದ್ದೆ ಅನ್ನೋದಕ್ಕೆ ಏನಪ್ಪಾ ಪುರಾವೆ?" ಅಂದರಂತೆ. ಪತ್ತೇದಾರಿ ಧಾರಾವಾಹಿ ನೋಡುವವನಿಗೆ ಪುರಾವೆ ಅನ್ನುವ ಮಾತು ಹೊಸದಲ್ಲ. ಆದರೂ ಅವನ ಹತ್ತಿರ ಉತ್ತರ ಇರಲಿಲ್ಲ.

'ಸಿ.ಐ.ಡಿ.' 2018ರ ಅಕ್ಟೋಬರ್‌ನಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಸಾವಿರದ ಐನೂರು ಕಂತು ದಾಟಿತ್ತು. 2024ರ ಡಿಸೆಂಬರ್ 21ಕ್ಕೆ ಮತ್ತೆ ಬಂತು. ನಾನು ಮೊಬೈಲಿನಲ್ಲಿ ಹಾಕಿ ಗೋಡೆಗೆ ಒರಗಿಸಿ ಇಟ್ಟೆ. ಅಪ್ಪ ಕನ್ನಡಕ ಏರಿಸಿಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಆ ನಗ್ಸೋನು ಎಲ್ಲಿ? ಫ್ರೆಡ್ಡಿ?"

"ಅವ್ರು ತೀರ್ಕೊಂಡ್ರು ಅಪ್ಪಾ, ಹೋದ್ ವರ್ಷ ಡಿಸೆಂಬರಲ್ಲಿ." ದಿನೇಶ್ ಫಡ್ನಿಸ್ ಹೋಗಿ ಆಗ ಒಂದು ವರ್ಷ ಕಳೆದಿತ್ತು.

ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಹೆಸ್ರಾದ್ರೂ ಹಾಕವ್ರಾ ಶುರುನಲ್ಲಿ?"

ನನಗೆ ಗೊತ್ತಿರಲಿಲ್ಲ. ಶುರುವನ್ನ ನಾನೇ ಬೆರಳಿಂದ ಮುಂದಕ್ಕೆ ತಳ್ಳಿಬಿಟ್ಟಿದ್ದೆ.

"ತಡಿ, ನೋಡ್ತೀನಿ" ಅಂತ ಹಿಂದಕ್ಕೆ ಎಳೆದು ಮೊದಲಿಂದ ಹಾಕಿದೆ. ಅಪ್ಪ ಮುಂದಕ್ಕೆ ಬಾಗಿ ಕೂತ.