ಶಾಂತಲೆಯನ್ನು ಬೆಟ್ಟದಿಂದ ತಳ್ಳಿದವರು ಯಾರು?

ಬೆಂಗಳೂರಿನ ಬಾಗಲಗುಂಟೆಯ ಹುಡುಗರಿಗೆ ಭಾನುವಾರದ ಬೆಟ್ಟ ಎಂದರೆ ಶಿವಗಂಗೆ. ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆಗೆ ಬಿದ್ದರೆ ನೆಲಮಂಗಲ, ದಾಬಸ್‌ಪೇಟೆ, ಅಲ್ಲಿಂದ ಎಡಕ್ಕೆ, 40 ಕಿ.ಮೀ. ಆಸುಪಾಸು. ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬ ಮಾತು ಕೇಳಿ, ಒಳಕಲ್ಲು ತೀರ್ಥಕ್ಕೆ ಕೈಯಿಳಿಸಿ ನೀರು ಸಿಕ್ಕಿತೋ ಇಲ್ಲವೋ ಎಂದು ಪುಣ್ಯ ಅಳೆದುಕೊಂಡು, ಕೋತಿಗಳಿಂದ ಚೀಲ ಕಾಪಾಡಿಕೊಂಡು ತುದಿ ಮುಟ್ಟಿದರೆ ಯಾರಾದರೊಬ್ಬರು ಬಂಡೆಯ ಅಂಚೊಂದನ್ನು ತೋರಿಸುತ್ತಾರೆ: ‘ಶಾಂತಲಾ ಡ್ರಾಪ್’. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಇಲ್ಲಿಂದ ಹಾರಿದಳಂತೆ. ಮಕ್ಕಳಿರಲಿಲ್ಲವಂತೆ. ರಾಜ್ಯಕ್ಕೆ ಉತ್ತರಾಧಿಕಾರಿ ಬೇಕಿತ್ತಂತೆ. ಗೆಳತಿಯೂ ಸವತಿಯೂ ಆದ ಲಕ್ಷ್ಮಿಗೆ ದಾರಿ ಬಿಟ್ಟುಕೊಟ್ಟು, ಗಂಡನ ಮೇಲಿನ ಪ್ರೀತಿಗಾಗಿ ಸತ್ತಳಂತೆ.

ಇಷ್ಟೊಂದು ‘ಅಂತೆ’ಗಳ ಮೇಲೆ ನಿಂತಿರುವ ಈ ಕಥೆ ನಾಡಿನ ದೊಡ್ಡ ಪ್ರೇಮಕಥೆಗಳಲ್ಲೊಂದು ಎನಿಸಿಕೊಂಡಿದೆ. ನನಗೆ ಹಾಗನ್ನಿಸುವುದಿಲ್ಲ. ಇದು ಪ್ರೇಮದ ಕಥೆಯಲ್ಲ, ಗಂಡುಮಗುವಿನ ಕಥೆ. ಇದರಲ್ಲಿ ವಿಷ್ಣುವರ್ಧನ ಮಾಡುವುದೇನು? ಏನೂ ಇಲ್ಲ. ತಲಕಾಡು ಗೆದ್ದವನು ಇಲ್ಲಿ ಹೆಂಡತಿಯ ತ್ಯಾಗಕ್ಕೆ ಸಾಕ್ಷಿಯಾಗಿ ನಿಂತಿದ್ದಾನೆ, ಅಷ್ಟೆ. ಪ್ರೀತಿಸಿದವಳು ತಾನಾಗಿ ಜಾಗ ಖಾಲಿ ಮಾಡಿದರೆ ಅದನ್ನು ದುರಂತ ಎನ್ನುವುದಕ್ಕಿಂತ ಅನುಕೂಲ ಎನ್ನಬೇಕು.

ಜನರ ಬಾಯಲ್ಲಿದ್ದ ಈ ಕಥೆಗೆ ಸಾಹಿತ್ಯದ ಮೈಕಟ್ಟು ಕೊಟ್ಟವರು ಕೆ.ವಿ. ಅಯ್ಯರ್. ಮೈಕಟ್ಟು ಎಂಬ ಮಾತು ಅವರಿಗೆ ಒಪ್ಪುತ್ತದೆ; ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದ ಅಂಗಸಾಧಕ ಅವರು, ಟಿ.ಪಿ. ಕೈಲಾಸಂ ಅವರ ಒಡನಾಡಿ. ‘ರೂಪದರ್ಶಿ’ ಬರೆದ ಅದೇ ಕೈ ‘ಶಾಂತಲಾ’ ಬರೆಯಿತು. ಆ ಕಾದಂಬರಿಯ ಜೀವ ಇರುವುದು ರಾಜ ರಾಣಿಯರ ಸರಸದಲ್ಲಲ್ಲ, ಶಾಂತಲೆ ಮತ್ತು ಲಕ್ಷ್ಮಿಯ ಗೆಳೆತನದಲ್ಲಿ. ಸವತಿ ಎಂದೊಡನೆ ಕೂದಲು ಹಿಡಿದು ಜಗಳಾಡುವ ಹೆಂಗಸರನ್ನೇ ಕಂಡಿದ್ದ ಓದುಗರಿಗೆ ಇದು ಹೊಸದಾಗಿತ್ತು. ಅದು ಅಯ್ಯರ್ ಅವರ ಗೆಲುವು. ಆದರೆ ಅಷ್ಟು ಮಮತೆಯಿಂದ ಕಟ್ಟಿದ ಗೆಳೆತನವನ್ನು ಕೊನೆಗೆ ತ್ಯಾಗದ ವೇದಿಕೆಗೆ ಏರಿಸಿದ್ದು ಅದರ ಸೋಲು. ಗೆಳತಿಯರು ಬದುಕಿ ಬಾಳುವ ದಾರಿಯನ್ನು ಆ ಕಥೆ ಹುಡುಕುವುದೇ ಇಲ್ಲ.

ಕಲ್ಲು ಏನು ಹೇಳುತ್ತದೆ? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನದ ಪ್ರಕಾರ 1131ರ ಚೈತ್ರದಲ್ಲಿ ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿದಳು’, ಅಂದರೆ ಪ್ರಾಣ ಬಿಟ್ಟಳು. ಬೆಟ್ಟ ನಿಜ, ಸಾವು ನಿಜ. ಹಾರಿದಳೆಂದು ಶಾಸನ ಹೇಳುವುದಿಲ್ಲ. ಜೈನ ಶಾಸನಗಳಲ್ಲಿ ‘ಮುಡಿಪು’ ಎಂಬ ಮಾತು ವ್ರತನಿಷ್ಠರ ಮರಣಕ್ಕೆ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದಲೇ ಆಕೆಯದು ಸಲ್ಲೇಖನ, ಅಂದರೆ ಉಪವಾಸವ್ರತದ ಮರಣ ಎಂದು ಹಲವು ವಿದ್ವಾಂಸರು ತಿಳಿದಿರುವುದು. ಇನ್ನು ಮಕ್ಕಳ ಮಾತು. ಹಂತೂರಿನ 1130ರ ಶಾಸನದಲ್ಲಿ ವಿಷ್ಣುವರ್ಧನನ ಮಗ ಕುಮಾರ ಬಲ್ಲಾಳನಿದ್ದಾನೆ, ಬಸದಿಗೆ ದಾನ ಕೊಡುವಷ್ಟು ಬೆಳೆದ ಮಗಳು ಹರಿಯಬ್ಬರಸಿ ಇದ್ದಾಳೆ. ಅವರ ತಾಯಿ ಯಾರೇ ಆಗಿರಲಿ, ಶಾಂತಲೆ ಬದುಕಿದ್ದಾಗಲೇ ಅರಮನೆಯಲ್ಲಿ ರಾಜಕುಮಾರನಿದ್ದ. ಸಂತಾನಕ್ಕಾಗಿ ಜಾಗ ಬಿಟ್ಟಳೆಂಬ ಕಥೆಯ ಬುಡವೇ ಅಲ್ಲಾಡುತ್ತದೆ.

ಅದೇ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಆಕೆ ಶಾಂತಿನಾಥನಿಗೆ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂದು ಹೆಸರು. ಆಕೆಯ ಬಿರುದಿನಿಂದಲೇ ಬಂದದ್ದು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! ಬಿರುದುಗಳಲ್ಲಿ ಹೊಗಳಿಕೆ ಎಷ್ಟು, ಸತ್ಯ ಎಷ್ಟು ಎಂದು ತೂಗುವುದು ಕಷ್ಟ, ಒಪ್ಪೋಣ. ಆದರೂ ಇದನ್ನು ಹೆಮ್ಮೆಯಿಂದ ಕಲ್ಲಿಗೆ ಹಾಕಿಸಿದ ಹೆಂಗಸು ಸವತಿಗಾಗಿ ಬಂಡೆಯ ಅಂಚಿಗೆ ನಡೆದಳು ಎಂದರೆ ನಂಬುವುದು ಹೇಗೆ?

ಕಾದಂಬರಿಕಾರ ಸಿ.ಕೆ. ನಾಗರಾಜರಾವ್ ನಂಬಲಿಲ್ಲ. ನಾಲ್ಕು ಭಾಗಗಳ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಶಾಸನಗಳನ್ನು ಎದುರಿಗಿಟ್ಟುಕೊಂಡು ಆಕೆಗೆ ಮಕ್ಕಳನ್ನೂ ರಾಜಕಾರಣದ ಬುದ್ಧಿಯನ್ನೂ ಹಿಂದಕ್ಕೆ ಕೊಟ್ಟರು. 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಈ ಕೃತಿಗೇ ಬಂತು. ಆದರೆ ಅವರ ಶಾಂತಲೆಗೆ ತಪ್ಪೇ ಗೊತ್ತಿಲ್ಲ. ನೂರಾರು ಪುಟ ಆಕೆ ಸರಿಯಾದದ್ದನ್ನೇ ಆಡುತ್ತಾಳೆ, ಸರಿಯಾದದ್ದನ್ನೇ ಮಾಡುತ್ತಾಳೆ. ಓದುಗ ಗೌರವದಿಂದ ಆಕಳಿಸುತ್ತಾನೆ. ಇತಿಹಾಸಕ್ಕೆ ರಾಯರು ಹತ್ತಿರ, ಮನಸ್ಸಿಗೆ ಅಯ್ಯರ್ ಹತ್ತಿರ. ಬೆಟ್ಟದ ಮೇಲೆ ಇಂದಿಗೂ ಅಯ್ಯರ್ ಹೇಳಿದ ಕಥೆಯೇ ಕೇಳಿಸುವುದು ಅದಕ್ಕೇ.

ಈ ಇಬ್ಬರು ಕಾದಂಬರಿಕಾರರೂ ನೆಚ್ಚಿಕೊಳ್ಳಬಹುದಾಗಿದ್ದ ದುರಂತವೊಂದು ಆ ಚಿಕ್ಕಬೆಟ್ಟದ ಶಾಸನದಲ್ಲೇ ಇದೆ. ಶಾಂತಲೆಯ ಅಪ್ಪ ಮಾರಸಿಂಗಯ್ಯ ಶಿವಭಕ್ತ, ಅಮ್ಮ ಮಾಚಿಕಬ್ಬೆ ಜಿನಭಕ್ತೆ. ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನ ಹಿಡಿದು, ಉಪವಾಸದಲ್ಲಿ ಪ್ರಾಣ ಬಿಟ್ಟಳು. ಹಾಡು, ನೃತ್ಯಗಳಲ್ಲಿ ನಿಪುಣೆ ಎಂದು ಶಾಸನಗಳು ಕೊಂಡಾಡುವ, ಪಟ್ಟದ ಪದವಿಗೆ ಏರಿದ ಮಗಳು ತನಗಿಂತ ಮೊದಲು ಸತ್ತುದನ್ನು ಕಂಡ ತಾಯಿ. ಇಲ್ಲಿ ಹಾರುವ ಬಂಡೆಯಿಲ್ಲ, ತ್ಯಾಗದ ಭಾಷಣವಿಲ್ಲ. ಹೆತ್ತ ಹೊಟ್ಟೆಯ ಸಂಕಟವಿದೆ, ಮತ್ತು ಅದು ಕಟ್ಟುಕಥೆಯಲ್ಲ. ನಮ್ಮ ಕಾದಂಬರಿಕಾರರಿಗೆ ರಾಣಿಯ ಅಮ್ಮ ಯಾಕೋ ನಾಯಕಿಯಾಗಿ ಕಾಣಲೇ ಇಲ್ಲ.

ಕಥೆ ಹೇಳಬೇಡಿ ಎಂದು ಗೈಡುಗಳಿಗೆ ಹೇಳುವುದು ಮೂರ್ಖತನ. ಹಾರಿದಳೆಂಬ ಕಥೆಯೂ ಶಿವಗಂಗೆಯ ಆಸ್ತಿಯೇ. ಆದರೆ ಅದರ ಪಕ್ಕದಲ್ಲಿ ಶಾಸನದ ಸಾರವನ್ನು ನಾಲ್ಕು ಸಾಲಿನಲ್ಲಿ ಹೊತ್ತ ಒಂದು ಕನ್ನಡ ಫಲಕವಾದರೂ ಇರಲಿ. ಬೆಟ್ಟದ ತುದಿಯಲ್ಲಿ ಸೆಲ್ಫಿ ತೆಗೆದುಕೊಂಡವರು ಮುಂದಿನ ಸಲ ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನನ್ನು ನೋಡಿ ಹಾಗೇ ಬಸ್ಸು ಹತ್ತಬೇಡಿ. ಎದುರಿನ ಚಿಕ್ಕಬೆಟ್ಟ ಹತ್ತಿ, ಆಕೆ ತಾನೇ ಕಟ್ಟಿಸಿದ ಬಸದಿಯನ್ನೂ ನೋಡಿ ಬನ್ನಿ.